ಸಿರುಗುಪ್ಪದ ಗದ್ದೆಯಲ್ಲಿ ನಿಂತ ಹಡಗು

ಅರಬ್ಬಿ ಸಮುದ್ರದಲ್ಲಿ ಇರಬೇಕಾದ ಹಡಗು ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ನಿಂತಿದೆ ಎಂದು ಮುಂಬೈಯ ಕಂಪನಿಯಿಂದ ಮೇಲ್ ಬಂದಾಗ ಆಫೀಸಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದೆ ಕೂತವಳು ಸಂಪದಾ ಒಬ್ಬಳೇ. ಆ ಹಡಗನ್ನು ಅಲ್ಲಿಗೆ ತಂದು ನಿಲ್ಲಿಸಿದ್ದು ಯಾರೆಂದು ಅವಳಿಗೆ ಆ ಕ್ಷಣವೇ ಗೊತ್ತಾಯಿತು.

ಬಳ್ಳಾರಿಗೂ ಸಮುದ್ರಕ್ಕೂ ಎತ್ತಣ ಸಂಬಂಧ ಅಂತ ಕೇಳುತ್ತೀರಿ. ಕೇಳಬೇಕಾದದ್ದೇ. ಸತ್ಯನಾರಾಯಣಪೇಟೆಯಲ್ಲಿ, ಒಂದು ಔಷಧಿ ಅಂಗಡಿಯ ಮಾಳಿಗೆಯ ಮೇಲೆ, ಹುಲಿಗೇಶ್ ಅನ್ನುವವರು ಹಳೇ ಕಾಗದಗಳನ್ನು ಕಂಪ್ಯೂಟರಿಗೆ ಏರಿಸಿಕೊಡುವ ಕೆಲಸ ಹಿಡಿದಿದ್ದರು. ಈ ಸಲ ಸಿಕ್ಕಿದ್ದು ಬಲು ಹಿಂದೆ ಎಣ್ಣೆ ಹುಡುಕಿಕೊಂಡು ಸಮುದ್ರದಲ್ಲಿ ತಿರುಗಿದ ಸರ್ವೆ ಹಡಗುಗಳ ದಾಖಲೆ. ಹಡಗು ಹೋಗುತ್ತ ಹೋಗುತ್ತ ನೀರಿನೊಳಗೆ ಢಂ ಎಂದು ಸದ್ದು ಮಾಡುವುದು, ಆ ಸದ್ದು ಸಮುದ್ರದ ತಳದ ಕೆಳಗಿನ ಬಂಡೆಗೆ ಬಡಿದು ಮರಳುವುದು, ಮರಳಿದ್ದನ್ನು ಯಂತ್ರ ಉದ್ದುದ್ದ ಕಾಗದದ ಸುರುಳಿಯ ಮೇಲೆ ಗೆರೆಗಳಾಗಿ ಬರೆಯುವುದು. ಪ್ರತಿ ಸದ್ದಿನ ಹೊತ್ತಿಗೂ ಹಡಗು ಎಲ್ಲಿತ್ತು ಅನ್ನುವ ಲೆಕ್ಕ ಬೇರೆ ಹಾಳೆಗಳಲ್ಲಿ, ಅಕ್ಷಾಂಶ ರೇಖಾಂಶಗಳಾಗಿ. ಸುರುಳಿಗಳನ್ನು ಪಂಪಾವತಿ ಸ್ಕ್ಯಾನ್ ಮಾಡುತ್ತಿದ್ದಳು. ಹಾಳೆಗಳ ಅಂಕಿಗಳನ್ನು ಟೈಪ್ ಮಾಡುವವರು ಇಬ್ಬರು, ಸಂಪದಾ ಮತ್ತು ಜಂಬುನಾಥ.

ಇಬ್ಬರಿಗೂ ಅದೇ ಹಾಳೆ, ಆದರೆ ಕೋಣೆ ಬೇರೆ ಬೇರೆ. ಒಬ್ಬರದನ್ನು ಇನ್ನೊಬ್ಬರು ನೋಡುವಂತಿಲ್ಲ. ಸಂಜೆ ಕಂಪ್ಯೂಟರ್ ಎರಡನ್ನೂ ಹೋಲಿಸಿ, ಎಲ್ಲಿ ಇಬ್ಬರದೂ ಕೂಡುವುದಿಲ್ಲವೋ ಅಲ್ಲಿ ಕೆಂಪು ಬಣ್ಣ ತೋರಿಸುತ್ತಿತ್ತು. ಕೆಂಪು ಬಂದಲ್ಲಿ ಮೂಲ ಹಾಳೆ ತೆಗೆದು, ಯಾರದು ಸರಿ ಎಂದು ನೋಡಬೇಕು. ಒಬ್ಬರ ಕಣ್ಣು ತಪ್ಪಿದ್ದು ಇನ್ನೊಬ್ಬರ ಕಣ್ಣಿಗೆ ಬೀಳಲಿ ಅಂತಲೇ ಈ ವ್ಯವಸ್ಥೆ. ಹೋಲಿಸುವ ಕೆಲಸ ಸಂಪದಾಳದ್ದು. ಭೂಗರ್ಭಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು, ಅದೇ ಬೀದಿಯ ಮಠದ ಪಕ್ಕದ ಮನೆಯ ಹುಡುಗಿ. ಎರಡೂ ಫೈಲುಗಳ ಪಾಸ್‌ವರ್ಡನ್ನು ಹುಲಿಗೇಶ್ ಅವಳೊಬ್ಬಳಿಗೇ ನಂಬಿ ಕೊಟ್ಟಿದ್ದರು.

ಮೊದಮೊದಲು ಕೆಂಪು ಬೇಕಾದಷ್ಟು ಬರುತ್ತಿತ್ತು. ಸಂಜೆಯಾದರೆ ಜಂಬುನಾಥ ತನ್ನ ಕುರ್ಚಿ ಎಳೆದುಕೊಂಡು ಅವಳ ಮೇಜಿಗೆ ಬರುತ್ತಿದ್ದ. ಸಿರುಗುಪ್ಪದಿಂದ ದಿನಾ ಬಸ್ಸಿನಲ್ಲಿ ಓಡಾಡುವ ಹುಡುಗ. ಅಂಗಿಯ ತೋಳು ಮಡಚಿ, ಭೂತಗನ್ನಡಿ ಹಿಡಿದು, ಮಸಿ ಹರಡಿದ ಅಂಕಿಯನ್ನು ಉಸಿರು ಬಿಗಿಹಿಡಿದು ನೋಡುವನು.

"ಇಲ್ರಿ, ಇದು ಮೂರ ಐತಿ."

"ಎಂಟು ಅದ. ಒಮ್ಮೆ ಕಣ್ಣು ತೋರಿಸ್ಕೊಂಡು ಬರ್ರಿ."

"ತೋರಿಸ್ತೀನ್ರಿ, ನೀವ ನೋಡ್ರಿ," ಎಂದು ಹಾಳೆಯ ಮೇಲಿನಿಂದ ಕಣ್ಣೆತ್ತಿ ಅವಳ ಕಡೆ ತಿರುಗಿಸುವನು. ಗಂಭೀರವಾದ ಮುಖ, ಒಳಗೆಲ್ಲೋ ನಗು. ಸಂಪದಾ ತಟ್ಟನೆ ಹಾಳೆಗೆ ಬಗ್ಗಿಬಿಡುವಳು. ಅವಳ ಕಿವಿ ಕೆಂಪಾದದ್ದನ್ನು ಅವನು ನೋಡಿಯೂ ನೋಡದವನ ಹಾಗೆ ಮುಂದಿನ ಸಾಲಿಗೆ ಹೋಗುವನು.

ಒಂದು ಸಂಜೆ ಅದೇನು ಗ್ರಹಗತಿಯೋ, ಒಂದೂ ಕೆಂಪು ಬರಲಿಲ್ಲ. ಪಂಪಾವತಿ ಸ್ಕ್ಯಾನರಿನ ಹಿಂದಿನಿಂದಲೇ ಕೂಗಿ ಹೇಳಿದಳು, ಜಾತಕ ಕೂಡ ಹೀಗೆ ಕೂಡಿ ಬರೋದಿಲ್ಲ ಅಂತ. ಜಂಬುನಾಥ ಖಾಲಿ ಪರದೆಯನ್ನು ನೋಡಿದ, ಆಮೇಲೆ ಸಂಪದಾಳನ್ನು ನೋಡಿದ. ತಮಾಷೆ ಇಲ್ಲದ, ಬೆರಗಿನ ನೋಟ. ಇವಳ ಕಣ್ಣೂ ನನ್ನ ಕಣ್ಣೂ ಒಂದೇ ಎಂದು ಅವನಿಗೆ ಅನ್ನಿಸಿದ್ದು ಮುಖದ ಮೇಲೆ ಬರೆದ ಹಾಗಿತ್ತು. ಅವತ್ತು ಬೇಗ ಕೆಲಸ ಮುಗಿದು ಇಬ್ಬರೂ ಕೆಳಗೆ ಹೋಗಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ತಿಂದರು.

ಆ ನೋಟ ಮತ್ತೆ ಬೇಕು ಅನ್ನಿಸಿತು ಸಂಪದಾಳಿಗೆ. ಅಲ್ಲಿಂದ ಶುರುವಾಯಿತು ನೋಡಿ.

ಮೊದಲು ಒಂದು ಅಂಕಿ. ಹೋಲಿಸುವ ಮುಂಚೆ ಅವನ ಫೈಲನ್ನು ಇಣುಕಿ ನೋಡಿ, ತನ್ನದರಲ್ಲಿ ಬೇರೆ ಇದ್ದದ್ದನ್ನು ಅವನ ಹಾಗೆ ತಿದ್ದಿದಳು. ಯಾರದು ಸರಿ ಎಂದು ಹಾಳೆ ತೆಗೆದು ನೋಡುವಷ್ಟೂ ತಡೆಯಲಿಲ್ಲ. ಆಮೇಲೆ ಎರಡು, ಆಮೇಲೆ ಅದೇ ರೂಢಿಯಾಯಿತು. ಕೆಂಪು ಇದ್ದಾಗ ಒಟ್ಟಿಗೆ ಕೂತು ತಲೆಗೆ ತಲೆ ತಾಗಿಸಿ ಹಾಳೆ ನೋಡುತ್ತಿದ್ದರು, ಕೆಂಪನ್ನು ಅಳಿಸಿ ಅಳಿಸಿ ಆ ಹೊತ್ತನ್ನೂ ಇವಳೇ ಕಳೆದುಕೊಂಡಳು. ಅಷ್ಟು ಓದಿದವಳಿಗೆ ಇಷ್ಟೂ ತಿಳಿಯಲಿಲ್ಲವೇ ಅಂದರೆ, ತಿಳಿಯಲಿಲ್ಲ. ಹುಲಿಗೇಶ್ ಮಾತ್ರ ಬಂದವರಿಗೆಲ್ಲ ಈ ಜೋಡಿಯನ್ನು ತೋರಿಸಿ ಹೊಗಳುತ್ತಿದ್ದರು. ಜಂಬುನಾಥ ಆಗ ನಾಚಿಕೊಂಡು ಕೀಬೋರ್ಡ್ ಒರೆಸುತ್ತಿದ್ದ.

ಹಡಗು ಸಿರುಗುಪ್ಪಕ್ಕೆ ಬಂದದ್ದು ಹೀಗೆ. ಆ ಹಾಳೆಗಳಲ್ಲಿ ರೇಖಾಂಶದ ಡಿಗ್ರಿಯನ್ನು ತಲೆಯಲ್ಲಿ ಒಂದೇ ಸಲ ಬರೆಯುತ್ತಿದ್ದರು, ಕೆಳಗಿನ ಸಾಲುಗಳಲ್ಲಿ ಬರೀ ನಿಮಿಷಗಳು. ಒಂದು ಹಾಳೆಯ ತಲೆಯಲ್ಲಿ ಎಪ್ಪತ್ತೆರಡು ಎಂದಿದ್ದದ್ದು ಮಸಿಯಲ್ಲಿ ಮುಳುಗಿತ್ತು. ಜಂಬುನಾಥ ಇಲ್ಲಿಗೆ ಬರುವ ಮೊದಲು ಸಿರುಗುಪ್ಪದ ಕಡೆಯ ಗದ್ದೆಗಳ ಬೆಳೆ ಸಮೀಕ್ಷೆಗೆ ಟೈಪ್ ಮಾಡುತ್ತಿದ್ದವನು. ಅಲ್ಲಿ ಪ್ರತಿ ಹೊಲಕ್ಕೂ ಎಪ್ಪತ್ತಾರು, ಎಪ್ಪತ್ತಾರು. ಬೆರಳು ತಾನಾಗಿ ಎಪ್ಪತ್ತಾರು ಹೊಡೆಯಿತು, ಇಡೀ ಹಾಳೆಯ ಹಡಗು ಗೋವಾದ ಕಡಲಿನಿಂದ ಎದ್ದು ಅವನ ಊರಿಗೆ ಬಂತು. ಸಂಪದಾ ಸರಿಯಾಗಿ ಎಪ್ಪತ್ತೆರಡು ಎಂದೇ ಹೊಡೆದಿದ್ದಳು. ಸಂಜೆ ಅದನ್ನು ತಿದ್ದಿ ಎಪ್ಪತ್ತಾರು ಮಾಡಿದಳು.

ನಕ್ಕು ಮುಗಿದ ಮೇಲೆ ಹುಲಿಗೇಶ್ ಮೇಲ್‌ನ ಉಳಿದ ಸಾಲು ಓದಿದರು. ಇಬ್ಬರು ಬೇರೆ ಬೇರೆ ಕೂತು ಹೊಡೆದದ್ದಾದರೆ ಇಬ್ಬರಿಗೂ ಒಂದೇ ತಪ್ಪು ಹೇಗಾಯಿತು, ನಿಮ್ಮಲ್ಲಿ ಯಾರೋ ಮೋಸ ಮಾಡುತ್ತಿದ್ದಾರೆ, ಉತ್ತರ ಕೊಡಿ ಎಂದಿತ್ತು.

ಎಪ್ಪತ್ತಾರು ತನ್ನದೇ ತಪ್ಪು, ಬೆರಳಿನ ಚಾಳಿ ಎಂದು ಜಂಬುನಾಥ ಕೂಡಲೇ ಒಪ್ಪಿಕೊಂಡ. ಹುಲಿಗೇಶ್ ಹಾಗಾದರೆ ಅದು ಸಂಪದಾಳ ಫೈಲಿಗೆ ಹೇಗೆ ಹೋಯಿತು ಎಂದು ಕೇಳಿದರು. ಅವನು ಸುಮ್ಮನಾದ. ಅವರಿಗೆ ಅಷ್ಟೇ ಸಾಕಾಯಿತು. ತನ್ನ ತಪ್ಪುಗಳು ಕಾಣದಿರಲಿ ಅಂತ ಇವನೇ ಆ ಹುಡುಗಿ ಫೈಲು ತೆರೆದಿಟ್ಟು ಊಟಕ್ಕೆ ಮನೆಗೆ ಹೋದಾಗ ಅವಳ ಕಂಪ್ಯೂಟರಿನಲ್ಲಿ ಕೈಯಾಡಿಸಿದ್ದಾನೆ, ಇದು ಕಳ್ಳತನವಲ್ಲದೆ ಮತ್ತೇನು ಎಂದುಬಿಟ್ಟರು.

"ನಾ ಮುಟ್ಟಿಲ್ರಿ ಸರ್," ಅಂದ ಜಂಬುನಾಥ. ಅಂದವನು ಸಂಪದಾಳ ಕಡೆ ತಿರುಗಿದ.

ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಅವಳು ತನ್ನ ಓಢಣಿಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡಿದಳು. ಎಲ್ಲರೂ ಹೊಗಳಿದ ಹುಡುಗಿ, ಎಂ.ಎಸ್ಸಿ., ಆಚಾರ್ಯರ ಮನೆತನ. ಯಾರೋ ಒಬ್ಬನ ನೋಟಕ್ಕಾಗಿ ಅಂಕಿ ತಿದ್ದಿದೆ ಅಂತ ಈ ಜನರ ಮುಂದೆ ಹೇಗೆ ಹೇಳುವುದು. ಜಂಬುನಾಥ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಊಟದ ಡಬ್ಬಿ ತಗೊಂಡು ಮೆಟ್ಟಿಲಿಳಿದು ಹೋದ.

ಮರುದಿನ ಅವನು ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಹುಲಿಗೇಶ್ ಇವಳ ಮೇಲೆ ಎಲ್ಲಿಲ್ಲದ ಮರುಕ ತೋರಿಸಿದರು. ಪಾಪ, ನಿನ್ನ ಕೆಲಸಕ್ಕೂ ಮಸಿ ಹಚ್ಚಿ ಹೋದ ಎಂದರು. ಮನೆಯಲ್ಲಿ ತಾಯಿ ಸೀತಾಬಾಯಿ ತುತ್ತು ಗಂಟಲಲ್ಲಿ ಇಳಿಯದ ಮಗಳನ್ನು ನೋಡಿ ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಸಂಪದಾಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ದೃಷ್ಟಿಯೂ ಇಲ್ಲ ಗಿಷ್ಟಿಯೂ ಇಲ್ಲ, ತನ್ನ ಮುಖವನ್ನು ತಾನೇ ಕನ್ನಡಿಯಲ್ಲಿ ನೋಡಲಾಗದಷ್ಟು ನಾಚಿಕೆ.

ಭಾನುವಾರ ಗೆಳತಿಯ ಮನೆಗೆ ಎಂದು ಹೇಳಿ ಸಿರುಗುಪ್ಪದ ಬಸ್ಸು ಹತ್ತಿದಳು. ಜಂಬುನಾಥ ಮನೆಯಲ್ಲಿರಲಿಲ್ಲ. ಅವನ ತಾಯಿ ವೀರಭದ್ರಮ್ಮ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದವರು ಮೊರ ಕೆಳಗಿಟ್ಟು, ಹೆಸರು ಕೇಳಿದ್ದೇ ತಡ, ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಆಚಾರದ ಮನೆಯ ಹುಡುಗಿ ತಮ್ಮ ಮನೆಯಲ್ಲಿ ಬೇಯಿಸಿದ್ದನ್ನು ತಿಂದಾಳೋ ಇಲ್ಲವೋ ಎಂದು ಹಾಲು ಬಾಳೆಹಣ್ಣು ತಂದಿಟ್ಟರು. ರೊಟ್ಟಿ ಇದ್ದರೆ ಕೊಡಿ ಎಂದು ಸಂಪದಾ ಕೇಳಿದಾಗ ಅವರ ಮುಖ ಅರಳಿತು.

"ನಂದೂ ಅಕೀದೂ ಒಂದ ಕಣ್ಣು ಯವ್ವಾ ಅಂತಿದ್ದ," ಅಂದರು ವೀರಭದ್ರಮ್ಮ. "ಈಗ ಆಫೀಸಿನಾಗ ಏನೋ ಮಾತ ಬಂತಂತ. ಬಾಯಿ ಬಿಟ್ಟು ಹೇಳವಲ್ಲ. ನನ್ ಮಗ ಹಂಗ ಮಾಡಾಂವ ಅಲ್ಲವ್ವ. ಓದಿದಾಕಿ ಅದೀ, ನೀನರ ಅವರಿಗೆ ಒಂದ್ ಮಾತ ಹೇಳು."

ಹೇಳ್ತೀನಿ ಎಂದು ತಲೆಯಾಡಿಸಿದಳು. ರೊಟ್ಟಿ ಅರ್ಧ ಉಳಿಯಿತು. ಜಂಬುನಾಥ ಕುರುಗೋಡಿನಲ್ಲಿ ಅಕ್ಕ ಅಂಜನಾಳ ಝೆರಾಕ್ಸ್ ಅಂಗಡಿಯಲ್ಲಿ ಕೂತಿದ್ದಾನೆ ಎಂದು ತಿಳಿದು ಅಲ್ಲಿಂದಲೇ ಕುರುಗೋಡಿಗೆ ಹೊರಟಳು.

ಅಂಗಡಿ ಬಸ್ ಸ್ಟ್ಯಾಂಡಿನ ಎದುರಿಗೇ ಇತ್ತು. ಜನ ಆಧಾರ್ ಕಾರ್ಡು, ಪಹಣಿ ಹಿಡಿದುಕೊಂಡು ನಿಂತಿದ್ದರು. ಸಂಪದಾ ಅವರ ಹಿಂದೆ ನಿಂತಳು. ಅವನು ನೋಡಿದ. ನೋಡಿ, ಮುಂದಿದ್ದವರ ಕಾಗದ ತಗೊಂಡು ಯಂತ್ರದ ಮುಚ್ಚಳ ಎತ್ತಿದ. ಒಬ್ಬೊಬ್ಬರದೇ ಮುಗಿಸಿ, ಕೊನೆಗೆ ಅವಳ ಸರದಿ ಬಂದಾಗ ಏನು ಬೇಕಾಗಿತ್ತು ಎಂದು ಗಿರಾಕಿಗೆ ಕೇಳಿದ ಹಾಗೆ ಕೇಳಿದ.

ಅವಳು ಒಂದೇ ಉಸಿರಿಗೆ ಎಲ್ಲ ಹೇಳಿದಳು. ಇಣುಕಿದ್ದು, ತಿದ್ದಿದ್ದು, ಹಾಳೆ ತೆಗೆದು ನೋಡದೇ ಹೋದದ್ದು, ಅವತ್ತು ಬಾಯಿ ಬಿಡದೇ ನಿಂತದ್ದು. ಹೇಳುವಾಗ ಅವನ ಅಂಗಿಯ ಗುಂಡಿಯನ್ನಷ್ಟೇ ನೋಡುತ್ತಿದ್ದಳು.

"ನನಗ ಅವತ್ತ ಗೊತ್ತಾಗಿತ್ರಿ," ಅಂದ ಅವನು. "ಆ ಪಾಸ್‌ವರ್ಡ್ ನಿಮ್ ಒಬ್ಬರ ಹತ್ರ ಐತಿ."

"ಮತ್ಯಾಕೆ ಹೇಳಲಿಲ್ಲ?"

"ನೀವು ಹೇಳ್ತೀರಿ ಅಂತ ಕಾದೆ. ಮೆಟ್ಲ ಇಳಿಯೋತನಕ ಕಾದೆ. ಬಸ್ ಬಂದ್ರೂ ಹತ್ತದ ಕಾದೆ."

ಸಂಪದಾಳ ಕಣ್ಣು ತುಂಬಿ ಬಂತು. ನಮ್ಮಿಬ್ಬರದೂ ಕೂಡಿದಾಗ ನೀವು ನನ್ನನ್ನು ನೋಡುತ್ತಿದ್ದ ರೀತಿ ನನಗೆ ಇಷ್ಟವಾಗುತ್ತಿತ್ತು, ಅದಕ್ಕೇ ಹಾಗೆ ಮಾಡಿದೆ ಅಂದಳು. ಬೇರೆ ಹೊತ್ತಿನಲ್ಲಾದರೆ ಈ ಮಾತು ಕೇಳಿ ಅವನು ಹಾರಿ ಕುಣಿಯುತ್ತಿದ್ದನೇನೋ. ಈಗ ಅವನ ಮುಖ ಇನ್ನೂ ಗಂಟಾಯಿತು.

"ನಾ ಅದನ್ನ ಖರೇ ಅಂತ ತಿಳಕೊಂಡು ಊರ ತುಂಬ ಹೇಳಿಕೊಂಡು ಅಡ್ಡಾಡಿದ್ನೆಲ್ರಿ. ನನ್ ತಪ್ಪ ನನಗ ತೋರಿಸಬೇಕಾಗಿತ್ತು ನೀವು. ಹೂಂ ಹೂಂ ಅನ್ನೋ ಮಂದಿ ನನಗ ಭಾಳ ಅದಾರ."

ಕ್ಷಮಿಸಿಬಿಡಿ ಎಂದು ಅವಳು ಕೈಮುಗಿದಳು. ಪಹಣಿ ಹಿಡಿದ ಮುದುಕನೊಬ್ಬ ಹಿಂದೆ ಬಂದು ನಿಂತು ಇಬ್ಬರನ್ನೂ ಮಿಕಿಮಿಕಿ ನೋಡುತ್ತಿದ್ದ. ಜಂಬುನಾಥ ಆ ಮುದುಕನ ಕಾಗದ ತಗೊಂಡ.

"ಈ ಅಂಗಡ್ಯಾಗ ಕ್ಷಮಿಸಿದ್ರ ಏನ್ ಬಂತ್ರಿ. ನನ್ನ ಕಳ್ಳ ಅಂದಿದ್ದು ಅಲ್ಲಿ."

ಅಷ್ಟೇ. ಯಂತ್ರದ ಮುಚ್ಚಳ ಎತ್ತಿ ಕಾಗದ ಇಟ್ಟ. ಬಳ್ಳಾರಿಗೆ ಮರಳುವ ಬಸ್ಸಿನಲ್ಲಿ ಸಂಪದಾ ಕಿಟಕಿಗೆ ತಲೆ ಆನಿಸಿ ಅತ್ತಳು. ಅತ್ತು ಮುಗಿದ ಮೇಲೆ, ನಾಳೆ ಬೆಳಿಗ್ಗೆ ಒಮ್ಮೆ ಆಫೀಸಿಗೆ ಬನ್ನಿ ಎಂದು ಅವನಿಗೆ ಮೆಸೇಜ್ ಹಾಕಿದಳು. ಅದಕ್ಕೆ ಉತ್ತರ ಬರಲಿಲ್ಲ.

ಆದರೂ ಬಂದ. ಬಾಗಿಲ ಚೌಕಟ್ಟಿಗೆ ಒರಗಿ ನಿಂತ, ಒಳಗೆ ಕಾಲಿಡಲಿಲ್ಲ. ಹುಲಿಗೇಶ್ ಇದೇನು ಹೊಸ ರಗಳೆ ಎಂದು ಹುಬ್ಬು ಗಂಟಿಕ್ಕಿದರು. ಸಂಪದಾ ಎದ್ದು ನಿಂತಳು.

"ಸರ್, ನನ್ನ ಫೈಲನ್ನ ತಿದ್ದಿದ್ದು ನಾನೇ. ಇವರು ಮುಟ್ಟಿಲ್ಲ."

ಹುಲಿಗೇಶ್ ನಂಬಲಿಲ್ಲ, ನೋಡಿ. ಹುಡುಗಿ ಒಳ್ಳೆಯ ಮನಸ್ಸಿನವಳು, ಹುಡುಗನ ಕೆಲಸ ಉಳಿಸುವುದಕ್ಕೆ ತಪ್ಪನ್ನು ತನ್ನ ಮೇಲೆ ಎಳೆದುಕೊಳ್ಳುತ್ತಿದ್ದಾಳೆ ಎಂದುಕೊಂಡು ನಕ್ಕು, ಕೂತ್ಕೋಮ್ಮ ಅಂದರು. ಕೂತುಬಿಟ್ಟಿದ್ದರೆ ಸಂಪದಾ ಅವತ್ತು ಸತ್ಯ ಹೇಳಿದವಳೂ ಆಗುತ್ತಿದ್ದಳು, ದೊಡ್ಡ ಮನಸ್ಸಿನವಳೂ ಆಗುತ್ತಿದ್ದಳು. ಒಂದು ಗಳಿಗೆ ಆ ಆಸೆಯೂ ಅವಳಿಗೆ ಬಂತು. ಅದಕ್ಕಾಗಿ ತನ್ನ ಮೇಲೆ ತನಗೇ ಅಸಹ್ಯವಾಯಿತು.

"ಈ ಒಂದು ಹಾಳೆ ಅಲ್ಲ ಸರ್. ಇನ್ನೂ ಭಾಳ ಹಾಳೆಗಳಲ್ಲಿ ಹಾಗೇ ಮಾಡೀನಿ. ಮುಂಬೈಯವರಿಗೆ ಅವು ಇನ್ನೂ ಗೊತ್ತಿಲ್ಲ. ಹಡಗು ಸಮುದ್ರದಾಗೇ ಅದ, ಆದ್ರೆ ಇರಬೇಕಾದ ಕಡೆ ಇಲ್ಲ. ಎಲ್ಲಾ ಮೊದಲಿಂದ ಮಾಡಬೇಕು."

ಒಂದೊಂದೇ ಕಟ್ಟು ತೆಗೆದು, ಯಾವುದರಲ್ಲಿ ಏನು ತಿದ್ದಿದ್ದು ನೆನಪಿದೆಯೋ ಅದನ್ನು ತೋರಿಸಿದಳು. ಹುಲಿಗೇಶ್ ಮುಖದ ನಗು ಆರಿಹೋಯಿತು. ತಲೆಯ ಮೇಲೆ ಕೈಹೊತ್ತು ಕೂತರು. ಪಂಪಾವತಿ ಸ್ಕ್ಯಾನರಿನ ಮುಚ್ಚಳವನ್ನು ಸುಮ್ಮಸುಮ್ಮನೆ ಒರೆಸುತ್ತ ಗೋಡೆಯ ಕಡೆ ತಿರುಗಿದಳು. ಯಾಕೆ ಮಾಡಿದೆ ಎಂದು ಹುಲಿಗೇಶ್ ಕೇಳಿದಾಗ, ಇಬ್ಬರದೂ ಕೂಡಲಿ ಅಂತ ಮಾಡಿದೆ ಎಂದಳು. ಎಲ್ಲರಿಗೂ ಅರ್ಥವಾಯಿತು. ಆ ನಾಚಿಕೆಯನ್ನು ಅವಳು ನಿಂತೇ ಅನುಭವಿಸಿದಳು.

ಹುಲಿಗೇಶ್ ಎದ್ದು ಹೋಗಿ ಜಂಬುನಾಥನ ಭುಜ ಹಿಡಿದು, ತಪ್ಪಾಗಿ ಅಂದೆ, ಮನಸ್ಸಿಗೆ ಹಚ್ಚಿಕೋಬೇಡ, ನಾಳೆಯಿಂದ ಬಾ ಎಂದರು. ಸಂಪದಾಳಿಗೆ, ಪಾಸ್‌ವರ್ಡ್ ಬರೆದುಕೊಟ್ಟು ಮನೆಗೆ ಹೋಗು, ಇನ್ನು ಬರುವುದು ಬೇಡ ಎಂದರು. ಅವಳು ಕೊಟ್ಟಳು, ಚೀಲ ಹೆಗಲಿಗೆ ಹಾಕಿಕೊಂಡಳು, ಬಾಗಿಲಲ್ಲಿ ನಿಂತವನನ್ನು ದಾಟಿ ಮೆಟ್ಟಿಲಿಳಿದಳು. ಔಷಧಿ ಅಂಗಡಿಯ ಮುಂದೆ ಬಂದಾಗ ಹಿಂದೆ ಚಪ್ಪಲಿಯ ಸದ್ದು ಕೇಳಿಸಿತು.

ಅದು ಅವಳ ಬೀದಿ. ಕಟ್ಟೆಯ ಮೇಲೆ ಹೂವು ಕಟ್ಟುವವರು, ಮಠಕ್ಕೆ ಹೊರಟವರು, ಎಲ್ಲರೂ ಅವಳನ್ನು ಕೂಸಿನಿಂದ ಕಂಡವರು. ಜಂಬುನಾಥ ಪಕ್ಕಕ್ಕೆ ಬಂದು ಹೆಜ್ಜೆ ಹಾಕತೊಡಗಿದ. ಹಿಂದಕ್ಕೆ ಹೋಗಿ, ಜನ ನೋಡುತ್ತಾರೆ ಎಂದು ಅವಳು ತಗ್ಗಿದ ದನಿಯಲ್ಲಿ ಬೇಡಿಕೊಂಡಳು.

"ನೋಡ್ಲಿ ಬಿಡ್ರಿ. ಅವತ್ತ ನಾ ನಿಮ್ಮ ಮುಖ ನೋಡಿದೆ, ನೀವು ನೆಲ ನೋಡಿದ್ರಿ. ಇವತ್ತರ ನೋಡ್ರಿ."

"ಆಗೋದಿಲ್ಲ. ನಾಚಿಕಿ ಆಗ್ತದ."

"ಆಗ್ಲಿ. ಆದ್ರೂ ನೋಡ್ರಿ."

ನೋಡಿದಳು. ಅವನ ಮುಖದಲ್ಲಿ ನಿನ್ನೆಯ ಗಂಟು ಇರಲಿಲ್ಲ, ನಗುವೂ ಇರಲಿಲ್ಲ. ನಿದ್ದೆಗೆಟ್ಟ ಕಣ್ಣು, ಬೇಗ ಬೇಗ ಬೋಳಿಸಿಕೊಂಡ ಗಲ್ಲದಲ್ಲಿ ಒಂದು ಗೀರು. ಅಷ್ಟು ಹತ್ತಿರದಿಂದ ಅವನನ್ನು ನೋಡಿ ಅವಳಿಗೆ ಅಳು ಒತ್ತಿ ಬಂತು. ನಿಮ್ಮನ್ನು ಇಷ್ಟಪಟ್ಟು ಹೀಗೆಲ್ಲ ಮಾಡಿಕೊಂಡೆ ಎಂದಳು.

ಅವನು ತಲೆಯಾಡಿಸಿದ. "ಹಂಗ ಹೇಳಬ್ಯಾಡ್ರಿ. ತಪ್ಪ ಬ್ಯಾರೆ ಇಡ್ರಿ, ಇಷ್ಟ ಬ್ಯಾರೆ ಇಡ್ರಿ. ಎರಡೂ ಕೂಡಿಸಿ ಕೊಟ್ರ ನಾ ಏನ್ ಮಾಡ್ಲಿ? ತಪ್ಪನ್ನ ಹೊಟ್ಟ್ಯಾಗ ಹಾಕೋಬೇಕಂದ್ರ ಇಷ್ಟಾನೂ ನುಂಗಬೇಕಾಗ್ತೈತಿ."

ಸಂಪದಾ ನಡುಬೀದಿಯಲ್ಲಿ ನಿಂತುಬಿಟ್ಟಳು. ಇಷ್ಟು ದಿನ ನನ್ನ ಪ್ರೀತಿಯನ್ನೇ ಅಡ್ಡ ಹಿಡಿದು ಅದರ ಹಿಂದೆ ತಪ್ಪನ್ನು ಬಚ್ಚಿಟ್ಟಿದ್ದೆ ಎಂದು ಅವಳಿಗೆ ಆಗ ಹೊಳೆಯಿತು. ಕುರುಗೋಡಿನಲ್ಲೂ ಅದನ್ನೇ ಮಾಡಿದ್ದಳು.

"ನಾನು ತಪ್ಪು ಮಾಡಿದೆ," ಎಂದಳು. ಅಷ್ಟಕ್ಕೇ ನಿಲ್ಲಿಸಿದಳು.

ಅವನು ಹೂಂ ಎಂದ. ಒಬ್ಬ ಸೈಕಲ್ಲಿನವನು ಬೆಲ್ ಬಾರಿಸುತ್ತ ಇಬ್ಬರ ನಡುವೆ ನುಗ್ಗಿ ಹೋದ. ಅವನು ದಾಟುವ ತನಕ ಅವಳು ಕಾದಳು.

"ನಿಮ್ಮನ್ನ ಇಷ್ಟಪಡ್ತೀನಿ."

ಜಂಬುನಾಥ ಅಂಗಿಯ ತೋಳನ್ನು ಬಿಡಿಸಿ ಮತ್ತೆ ಮಡಚಿದ. "ಮೊದಲನೇದಕ್ಕ ನನಗಿನ್ನೂ ಸಿಟ್ಟ ಐತ್ರಿ, ಸುಳ್ಳ ಹೇಳೂದಿಲ್ಲ. ಹೋಗಾಕ ಟೈಮ್ ಬೇಕು," ಅಂದ. "ಎರಡನೇದು ನನಗೂ ಐತಿ. ಭಾಳ ದಿನದಿಂದ ಐತಿ."

ಇಷ್ಟು ಹೇಳಿ ಅವನು ಬಸ್ ಸ್ಟ್ಯಾಂಡಿನ ಕಡೆ ತಿರುಗುವವನಿದ್ದ. ಸಂಪದಾ ಬನ್ನಿ ಎಂದಳು. ಎಲ್ಲಿಗೆ ಎಂದು ಅವನು ಕೇಳುವಷ್ಟರಲ್ಲಿ ಅವಳು ಮುಂದೆ ನಡೆದಾಗಿತ್ತು. ಮನೆಯ ಬಾಗಿಲಲ್ಲಿ ಸೀತಾಬಾಯಿ ಸೊಪ್ಪು ಬಿಡಿಸುತ್ತ ಕೂತಿದ್ದರು. ಮಗಳು ಈ ಹೊತ್ತಿನಲ್ಲಿ ಬಂದದ್ದನ್ನೂ, ಜೊತೆಗೊಬ್ಬ ಹುಡುಗ ಬಂದದ್ದನ್ನೂ ನೋಡಿ ಅವರ ಕೈ ನಿಂತಿತು. ಎದುರು ಮನೆಯ ಕಟ್ಟೆಯಲ್ಲೂ ಮಾತು ನಿಂತಿತು.

ಸಂಪದಾಳ ಕಾಲ ಹೆಬ್ಬೆರಳು ತಾನಾಗಿಯೇ ನೆಲ ಕೆರೆಯತೊಡಗಿತು. ಅವಳು ಅದನ್ನು ನಿಲ್ಲಿಸಿದಳು.

"ಅಮ್ಮಾ, ಇವರು ಜಂಬುನಾಥ ಅಂತ. ನಾನು ಕೆಲಸದಾಗ ತಪ್ಪು ಮಾಡಿ ಇವರ ತಲಿ ಮೇಲೆ ಬರೋ ಹಾಗೆ ಮಾಡಿದ್ದೆ. ಇವತ್ತು ಎಲ್ಲರ ಮುಂದೆ ಹೇಳಿ ಬಂದೀನಿ. ಕೆಲಸ ಹೋಯ್ತು."

ಸೀತಾಬಾಯಿ ಸೊಪ್ಪಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು.

"ಇನ್ನೊಂದು ಮಾತದ. ಅದು ಬೇರೆ. ಇವರನ್ನ ನಾನು ಇಷ್ಟಪಡ್ತೀನಿ."

ಸೀತಾಬಾಯಿ ಮಗಳ ಮುಖವನ್ನು ನೋಡಿದರು, ಎದುರಿನ ಕಟ್ಟೆಯನ್ನು ನೋಡಿದರು, ಆಮೇಲೆ ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಿನಗೆ ಆಮೇಲೆ ಇದೆ ಅನ್ನುವಂತೆ ಮಗಳ ಕಡೆ ಕಣ್ಣು ಬಿಟ್ಟು, ಒಳಗೆ ಬರ್ರಿ, ಬಿಸಿಲಾಗ ಯಾಕೆ ನಿಂತೀರಿ ಎಂದು ಅವನಿಗೆ ಹೇಳಿದರು. ಇಲ್ಲಿಯವರೆಗೆ ತಲೆಯೆತ್ತಿ ನಡೆದು ಬಂದಿದ್ದ ಜಂಬುನಾಥ ಈಗ ಕಿವಿಯವರೆಗೂ ಕೆಂಪಾಗಿ, ನೆಲ ನೋಡುತ್ತ ಚಪ್ಪಲಿ ಬಿಚ್ಚಿದ. ಸಂಪದಾ ಮಾತ್ರ ತಾಯಿಯ ಮುಖವನ್ನೇ ನೋಡುತ್ತ ನಿಂತಿದ್ದಳು.